ಪೂಜೆಗಿಟ್ಟ ಎಂಟು ವಾಲ್ವು

ಮಕ್ಕಳೇ, ನಮ್ಮ ಮನೆ ಮುಂದೆ ನಿಂತಿರುವ ಹಸಿರು ಪಿಕಪ್ಪಿನ ಬಗ್ಗೆ ನಿಮ್ಮಪ್ಪ ನಿಮಗೆ ಹೇಳಿದ್ದು ನನ್ನ ಕಿವಿಗೆ ಬಿತ್ತು. "ದಸರಾದಾಗ ಇಂಜಿನ್ ಸ್ವಲ್ಪ ತ್ರಾಸು ಕೊಡ್ತು, ಆಮ್ಯಾಲೆ ಸರಿ ಆತು" ಎಂದ. ಅದೇನು ನೆಗಡಿಯೇ, ತಾನಾಗಿ ಬಂದು ತಾನಾಗಿ ಬಿಡಲು? ಆ ರಜೆಯಲ್ಲಿ ನೀವಿಬ್ಬರೂ ನಂದಿಗುಡಿಯಲ್ಲಿ, ನಿಮ್ಮಮ್ಮನ ತವರಿನಲ್ಲಿದ್ದಿರಿ. ಇಲ್ಲಿ ನಿಟ್ಟುವಳ್ಳಿಯಲ್ಲಿ ನಡೆದದ್ದನ್ನು ನಿಮಗೆ ಯಾರೂ ಹೇಳಲಿಲ್ಲ. ನಾನೂ ಬಾಯಿಬಿಟ್ಟು ಹೇಳುವವಳಲ್ಲ. ನಾಲ್ಕು ಜನ ಕೂತಿದ್ದರೆ ಈ ವಯಸ್ಸಿನಲ್ಲೂ ನನಗೆ ಗಂಟಲು ಕಟ್ಟುತ್ತದೆ. ಆದರೆ ಹದಡಿ ಶಾಲೆಯಲ್ಲಿ ಏಳನೆಯ ತರಗತಿವರೆಗೆ ಓದಿದ್ದೇನೆ, ಬರೆಯಲು ಬರುತ್ತದೆ. ಸಿಟ್ಟು ಇನ್ನೂ ಇಳಿದಿಲ್ಲ, ಆದ್ದರಿಂದ ಅಕ್ಷರ ಸ್ವಲ್ಪ ಒತ್ತಿ ಬಿದ್ದಿದ್ದರೆ ಹಾಗೇ ಓದಿಕೊಳ್ಳಿ.

ನಿಮ್ಮಜ್ಜನ ಕಸುಬು ಹಳೆಯ ಪಿಕಪ್ ಗಾಡಿಗಳನ್ನು ಎಬ್ಬಿಸಿ ನಿಲ್ಲಿಸುವುದು. ಅಂಗಡಿ ಎಂದು ಬೇರೆ ಇರಲಿಲ್ಲ, ಮನೆ ಮುಂದಿನ ಜಾಗವೇ ಗ್ಯಾರೇಜು. ಯಾವುದೋ ಮಂಡಕ್ಕಿ ಭಟ್ಟಿಯ ಹಿಂದೆ ತುಕ್ಕು ತಿನ್ನುತ್ತಿದ್ದ ಗಾಡಿ, ಯಾರದೋ ಹೊಲದಲ್ಲಿ ಕೋಳಿಗಳು ಮೊಟ್ಟೆ ಇಡುತ್ತಿದ್ದ ಗಾಡಿ, ಎಲ್ಲವನ್ನೂ ಟ್ರ್ಯಾಕ್ಟರಿಗೆ ಕಟ್ಟಿ ಎಳೆದು ತರುತ್ತಿದ್ದರು. ತಗಡು ಕತ್ತರಿಸಿ ಹೊಸ ಬಾಗಿಲು ಮಾಡುವುದು, ಹಿಂದಿನ ತೊಟ್ಟಿಯನ್ನು ಒಂದಡಿ ಉದ್ದ ಮಾಡಿ ಹಲಗೆ ಹಾಸುವುದು, ತುಕ್ಕು ತಿಂದು ಲಡ್ಡಾದ ನೆಲವನ್ನು ಕಿತ್ತು ವೆಲ್ಡಿಂಗ್ ಹಾಕುವುದು, ಎಲ್ಲ ಇಲ್ಲೇ. ಇಂಜಿನ್ನಿನ ಸವೆದ ಸಿಲಿಂಡರ್ ಕೊರೆಸಿ ಬೋರು ಮಾಡಿಸಲು ಮಾತ್ರ ಹರಿಹರಕ್ಕೆ ಹೋಗುತ್ತಿದ್ದರು. ಅಲ್ಲಿ ಲೇತು ಇಟ್ಟುಕೊಂಡ ಸಾಹೇಬರೊಬ್ಬರು ಅವರ ಹಳೆಯ ದೋಸ್ತು.

ಈಗ ವಾಲ್ವಿನ ವಿಷಯ ಹೇಳಬೇಕು, ಇಲ್ಲದಿದ್ದರೆ ನನ್ನ ಸಿಟ್ಟು ನಿಮಗೆ ತಿಳಿಯುವುದಿಲ್ಲ. ಇಂಜಿನ್ನಿನ ಮೇಲ್ಭಾಗಕ್ಕೆ ಹೆಡ್ಡು ಎನ್ನುತ್ತಾರೆ. ಅದರೊಳಗೆ ಎಂಟು ವಾಲ್ವುಗಳಿರುತ್ತವೆ, ನಾಲ್ಕು ದೊಡ್ಡವು, ನಾಲ್ಕು ಸಣ್ಣವು. ನೋಡಲು ಅಣಬೆಯ ಹಾಗೆ, ಉದ್ದ ಕಡ್ಡಿ, ಅದಕ್ಕೊಂದು ಚಪ್ಪಟೆ ತಲೆ. ಒಂದೊಂದು ವಾಲ್ವಿಗೂ ಒಂದೊಂದು ಸೀಟು. ವಾಲ್ವು ತನ್ನ ಸೀಟಿನ ಮೇಲೆ ಕೂದಲೆಳೆ ಸಂದಿಯೂ ಇಲ್ಲದ ಹಾಗೆ ಕೂರಬೇಕು, ಇಲ್ಲವಾದರೆ ಇಂಜಿನ್ನಿನ ದಮ್ಮು ಸೋರಿಹೋಗುತ್ತದೆ. ಹಾಗೆ ಕೂರಿಸಲು ಮರಳು ಮರಳಾದ ಒಂದು ಪೇಸ್ಟು ಸವರಿ, ವಾಲ್ವಿನ ತಲೆಗೆ ರಬ್ಬರ್ ಬಟ್ಟಲಿರುವ ಕೋಲನ್ನು ಅಂಟಿಸಿ, ಎರಡು ಅಂಗೈ ನಡುವೆ ಕಡಗೋಲು ತಿರುಗಿಸಿದ ಹಾಗೆ ತಿರುಗಿಸುತ್ತಾ ಉಜ್ಜಬೇಕು. ಮೊದಲು ಕರಕರ ಎನ್ನುತ್ತದೆ. ಗಂಟೆಗಟ್ಟಲೆ ಉಜ್ಜಿದ ಮೇಲೆ ಸದ್ದು ಮೆತ್ತಗಾಗುತ್ತದೆ. ಒರೆಸಿ ನೋಡಿದರೆ ವಾಲ್ವಿನ ಅಂಚಿಗೆ ಬೂದಿ ಬಣ್ಣದ ಒಂದು ಬಳೆ ಕಾಣುತ್ತದೆ, ಎಲ್ಲೂ ತುಂಡಾಗದ ಬಳೆ. ಆಗ ಕೆಲಸ ಮುಗಿಯಿತು.

ಈ ಮನೆಯಲ್ಲಿ ಮೂವತ್ತು ವರ್ಷ ಆ ಕೆಲಸ ಮಾಡಿದವಳು ನಾನು.

ಮದುವೆಯಾದ ಹೊಸತರಲ್ಲಿ ನಿಮ್ಮಜ್ಜನೇ ಉಜ್ಜುತ್ತಿದ್ದರು. ಉಜ್ಜುವುದಕ್ಕಿಂತ ಬೈಯುವುದೇ ಹೆಚ್ಚು. ಅವರ ಕೈಗೆ ಸುತ್ತಿಗೆ ಒಗ್ಗುತ್ತಿತ್ತು, ತಾಳ್ಮೆ ಒಗ್ಗುತ್ತಿರಲಿಲ್ಲ. ಒಂದು ದಿನ ಹೆಡ್ಡನ್ನು ಹಿತ್ತಿಲಲ್ಲಿ ಬಿಟ್ಟು ಊಟಕ್ಕೆ ಎದ್ದು ಹೋದರು. ತವರಿನಲ್ಲಿ ದಿನಾ ಮಜ್ಜಿಗೆ ಕಡೆದ ಕೈ ನನ್ನದು, ಸುಮ್ಮನಿರಲಿಲ್ಲ. ಅವರು ಉಂಡು, ಅಡಿಕೆ ಹಾಕಿಕೊಂಡು ಬರುವಷ್ಟರಲ್ಲಿ ಒಂದು ವಾಲ್ವು ಮುಗಿಸಿದ್ದೆ. ಬೆಳಕಿಗೆ ಹಿಡಿದು ನೋಡಿದರು, ತಿರುಗಿಸಿ ನೋಡಿದರು. "ಉಳಿದ ಏಳನ್ನೂ ನೀನೇ ಮಾಡು" ಎಂದರು. ಅಷ್ಟೇ. ಆಮೇಲೆ ಬಂದ ಹೆಡ್ಡುಗಳೆಲ್ಲ ನೇರ ಹಿತ್ತಿಲಿಗೇ ಬಂದವು.

ಒಂದು ಸೀಟಿಗೆ ಉಜ್ಜಿದ ವಾಲ್ವು ಮತ್ತೊಂದಕ್ಕೆ ಆಗಿಬರುವುದಿಲ್ಲ. ಅದಕ್ಕೇ ನಾನು ಸೀರೆ ಡಬ್ಬದ ರಟ್ಟಿಗೆ ಎಂಟು ತೂತು ಮಾಡಿ, ಇಂಜಿನ್ನಿನ ಫ್ಯಾನಿನ ಕಡೆಯಿಂದ ಒಂದು, ಎರಡು, ಮೂರು ಎಂದು ಸಾಲಾಗಿ ಸಿಕ್ಕಿಸಿಡುತ್ತಿದ್ದೆ. ಎಣ್ಣೆ ಕುಡಿದು ಆ ರಟ್ಟು ಕರ್ರಗಾಗಿರುತ್ತಿತ್ತು. ನೋಡಿದವರಿಗೆ ಕಸ.

ಗಾಡಿ ತಯಾರಾದ ದಿನ ಗಿರಾಕಿಗಳು ಬಂದು ಬಾನೆಟ್ಟಿಗೆ ಕಿವಿಯಿಟ್ಟು ಕೇಳುತ್ತಿದ್ದರು. ಹರಿಹರದ ಒಬ್ಬರು ಹೇಳಿದ್ದು ಇನ್ನೂ ನೆನಪಿದೆ. "ಹೊಲಿಗಿ ಮಷೀನು ನಡದಂಗೆ ನಡೀತೈತಲ್ರೀ! ನಿಮ್ಮ ಕೈಯಾಗ ಏನೋ ಐತಿ ಬಿಡ್ರಿ." ನಿಮ್ಮಜ್ಜ ಮೀಸೆ ಸವರಿಕೊಂಡರು. ನಾನು ಚಹಾದ ತಟ್ಟೆ ಹಿಡಿದು ಬಾಗಿಲ ಹಿಂದೆ ನಿಂತಿದ್ದೆ. ಅವರು ಹೋದ ಮೇಲೆ, "ಒಂದು ಮಾತು ಹೇಳಬಹುದಿತ್ತಲ್ಲ" ಎಂದೆ.

"ಏನಂತ? ನಮ್ಮನಿ ಹೆಂಗಸು ವಾಲ್ವು ಉಜ್ಜತಾಳೆ ಅಂತನಾ? ನಾಳಿಯಿಂದ ಒಬ್ಬನೂ ಗಾಡಿ ಬಿಡಲ್ಲ ಇಲ್ಲಿ. ಅಷ್ಟಕ್ಕೂ ಹೇಳಿದ್ರೆ ನೀ ಬಂದು ಅವರ ಮುಂದೆ ನಿಲ್ತೀಯೇನು?"

ನಿಲ್ಲುವುದಿಲ್ಲ ಎಂದು ಅವರಿಗೆ ಚೆನ್ನಾಗಿ ಗೊತ್ತಿತ್ತು. ನನಗೂ ಗೊತ್ತಿತ್ತು. ಸತ್ತವರ ಮೇಲೆ ಸಿಟ್ಟಾಗಬಾರದು ಎನ್ನುತ್ತಾರೆ. ನಾನು ಆಗಿದ್ದೇನೆ. ಅವರಿಗಿಂತ ಹೆಚ್ಚು ನನ್ನ ಮೇಲೆ ಆಗಿದ್ದೇನೆ. ನನ್ನ ನಾಚಿಕೆಯನ್ನೇ ಅವರು ಅಗುಳಿ ಮಾಡಿದರು, ನಾನೇ ಒಳಗಿನಿಂದ ಹಾಕಿಕೊಂಡೆ.

ಅವರು ತೀರಿಕೊಂಡ ಮೇಲೆ ನಿಮ್ಮಪ್ಪ ಕೆಲಸ ಹಿಡಿದ. ಹಸಿರು ಪಿಕಪ್ಪು ನಮ್ಮದೇ, ಗಿರಾಕಿಯದಲ್ಲ. ನಾನು ಮೊದಲ ವಾಲ್ವು ಉಜ್ಜಿದ್ದು ಅದರ ಇಂಜಿನ್ನಿಗೇ. ಎರಡು ವರ್ಷ ಮುಟ್ಟದೆ ಬಿಟ್ಟಿದ್ದರಿಂದ ಅದು ಹಠ ಹಿಡಿದಿತ್ತು. ಅದನ್ನು ಚಂದ ಮಾಡಿ ಮದುವೆ ಫೋಟೋದವರಿಗೆ ಬಾಡಿಗೆಗೆ ಬಿಡಬೇಕೆಂದು ನಿಮ್ಮಪ್ಪನ ಆಸೆ. ಬಾಡಿ ತಗಡಿನ ಕೆಲಸವೆಲ್ಲ ಮುಗಿಸಿದ್ದ, ಚೆನ್ನಾಗಿಯೇ ಮಾಡಿದ್ದ, ಇಲ್ಲ ಎನ್ನುವುದಿಲ್ಲ. ಇಂಜಿನ್ ಮಾತ್ರ ಬೇಡ ಎಂದ. ಪೆಟ್ರೋಲ್ ಇಂಜಿನ್ ಕಿತ್ತು ಗುಜರಿಗೆ ಹಾಕಿ, ಬೇರೆ ಗಾಡಿಯ ಡೀಸೆಲ್ ಇಂಜಿನ್ ಕೂರಿಸುತ್ತೇನೆ ಎಂದು ನಿಮ್ಮಮ್ಮನ ಹತ್ತಿರ ಹೇಳುತ್ತಿದ್ದ.

ನಾನು ಎಂದೂ ಏನನ್ನೂ ಕೇಳಿದವಳಲ್ಲ, ಅವತ್ತು ಕೇಳಿದೆ. "ಒಂದು ಸಲ ಹೆಡ್ಡು ಬಿಚ್ಚಿ ಕೊಡಪ್ಪ. ಉಜ್ಜಿ ಕೊಡ್ತೀನಿ."

ಸ್ವಲ್ಪ ಹೊತ್ತು ತಲೆ ಕೆರೆದುಕೊಂಡ. "ಆತವ್ವ. ನವಮಿ ಪೂಜೆ ಮುಗೀಲಿ, ಕೂರಿಸಿ ನೋಡೋಣ. ಹೊತ್ತಿಕಂಡ್ರೆ ಇರ್ಲಿ. ಇಲ್ಲಾಂದ್ರೆ ಗುಜರಿ. ಆಮ್ಯಾಲೆ ನೀ ಅಳಂಗಿಲ್ಲ."

ಆರು ದಿನ ಉಜ್ಜಿದೆ. ಹಳೆಯ ಸೀಟುಗಳು, ಒಂದೊಂದೂ ಒಂದೊಂದು ಥರ ಸವೆದಿದ್ದವು. ಎಂಟಕ್ಕೂ ಬಳೆ ಬಂತು. ರಟ್ಟಿಗೆ ಸಿಕ್ಕಿಸಿ, ಹೆಡ್ಡಿನ ಪಕ್ಕದಲ್ಲಿಟ್ಟು, ಮೇಲೆ ಬಟ್ಟೆ ಮುಚ್ಚಿದೆ.

ಆಯುಧ ಪೂಜೆಯ ದಿನ ಏನು ಮಾಡುತ್ತೇವೆ ಎಂದು ನಿಮಗೆ ಗೊತ್ತಲ್ಲ. ಸ್ಪ್ಯಾನರು, ಜ್ಯಾಕು, ಬಿಚ್ಚಿಟ್ಟ ಸಾಮಾನು, ಎಲ್ಲವನ್ನೂ ತೊಳೆದು, ಜೋಡಿಸಿ, ವಿಭೂತಿ ಹಚ್ಚಿ, ಹೂವು ಏರಿಸುತ್ತೇವೆ. ನಿಮ್ಮಜ್ಜ ಇದ್ದಾಗ ಆ ಜೋಡಣೆ ನನ್ನದು. ಅವರು ಹೋದ ಮೇಲೆ ಪೂಜೆಯ ಹೊತ್ತಿಗೆ ನಾನು ಮುಂದೆ ನಿಲ್ಲುವುದಿಲ್ಲ. ಬರಬೇಡ ಎಂದು ಯಾರೂ ಹೇಳಿದವರಲ್ಲ. ನಿಮ್ಮಮ್ಮ, "ಬರ್ರಿ ಅತ್ತಿ, ಅದೆಲ್ಲ ಈಗ ಯಾರು ನೋಡ್ತಾರೆ" ಎಂದು ಎರಡು ಸಲ ಕರೆದಳು. ಮುತ್ತೈದೆಯರೆಲ್ಲ ಸೇರುವ ಹೊತ್ತು, ಯಾರ ಕಣ್ಣಿಗೂ ಬೀಳುವುದು ಬೇಡ ಎಂದು ನಾನೇ ಅಡುಗೆ ಮನೆಯಲ್ಲಿ ಹೋಳಿಗೆ ತಟ್ಟುತ್ತಾ ಕೂತೆ. ಹೊರಗೆ ಗಂಟೆ ಬಾರಿಸಿದ್ದು, ತೆಂಗಿನಕಾಯಿ ಒಡೆದದ್ದು ಕೇಳಿಸಿತು. ಮರುದಿನ ಬನ್ನಿ ಕೊಡಲು ಹದಡಿಗೆ ಅಣ್ಣನ ಮನೆಗೆ ಹೋದೆ, ಎರಡು ದಿನ ಉಳಿದೆ.

ವಾಪಸು ಬರುವಷ್ಟರಲ್ಲಿ ಹೆಡ್ಡು ಇಂಜಿನ್ನಿನ ಮೇಲೆ ಕೂತಾಗಿತ್ತು. ಇಂಜಿನ್ ಮಾತ್ರ ಕೆಮ್ಮುತ್ತಿತ್ತು. ಸೆಲ್ಫ್ ಹೊಡೆದರೆ ಒಂದು ಸಲ ಗೊಳ್ ಎನ್ನುವುದು, ಕಾರ್ಬುರೇಟರಿನಿಂದ ಹೊಗೆ ಉಗುಳುವುದು, ನಿಲ್ಲುವುದು. ಹರಿಹರದಿಂದ ಸಾಹೇಬರನ್ನು ಕರೆಸಿದರು. ಅವರು ಪ್ಲಗ್ಗು ಬಿಚ್ಚಿ ಗೇಜು ಹಚ್ಚಿ ದಮ್ಮು ಅಳೆದು ನೋಡಿದರು.

"ಕಂಪ್ರೆಶನ್ನೇ ಇಲ್ಲ ಬೇಟಾ. ವಾಲ್ವು ಕೂತಿಲ್ಲ. ಸೀಟು ಹೋಗಿರ್ಬೇಕು. ಈ ಹೆಡ್ಡು ಈಗ ಎಲ್ಲಿ ಸಿಗ್ತೈತೆ?"

"ನಂಗೊತ್ತಿತ್ತು ಚಾಚಾ" ಎಂದ ನಿಮ್ಮಪ್ಪ. ಶನಿವಾರ ಇಂಜಿನ್ ಇಳಿಸುವುದು ಎಂದು ಮಾತಾಯಿತು.

ಅಲ್ಲಿಗೇ ಬಿಟ್ಟಿದ್ದರೆ ನಾನು ಅತ್ತು ಸುಮ್ಮನಾಗುತ್ತಿದ್ದೆನೇನೋ. ಆ ಸಂಜೆ ನಿಮ್ಮಪ್ಪ ಅಡುಗೆ ಮನೆಯಲ್ಲಿ ನಿಮ್ಮಮ್ಮನಿಗೆ ಹೇಳಿದ್ದು ನಡುಮನೆಯಲ್ಲಿದ್ದ ನನಗೆ ಕೇಳಿಸಿತು. "ಅವ್ವ ಸರಿ ಉಜ್ಜಿಲ್ಲ ಕಣೇ. ಕಣ್ಣು ಮಂಜಾಗ್ಯಾವೆ. ಅಪ್ಪನ ಕೈ ಎಲ್ಲಿ, ಇದೆಲ್ಲಿ. ಹೇಳಿದ್ರೆ ಬ್ಯಾಸರ ಮಾಡ್ಕಂತಾಳೆ, ನೀ ಹೇಳಬ್ಯಾಡ."

ಚಿಕ್ಕವನಿದ್ದಾಗ ಹಿತ್ತಿಲಲ್ಲಿ ನನ್ನ ತೊಡೆಗೆ ಒರಗಿ ಕೂತು, ನಾನು ಉಜ್ಜುವುದನ್ನು ನೋಡುತ್ತಾ ನಿದ್ದೆ ಹೋಗುತ್ತಿದ್ದ ಮಗ ಇವನು. ಕಣ್ಣಾರೆ ಕಂಡವನು. ಗಾಡಿ ಓಡಿದರೆ ಅಪ್ಪನ ಕೈ, ನಿಂತರೆ ಅವ್ವನ ಕಣ್ಣು!

ಇನ್ನೂ ಸಿಟ್ಟು ಬರುವ ಮಾತೆಂದರೆ, ನಾನು ಅದನ್ನು ನಂಬಿದೆ. ಎರಡು ದಿನ ನನ್ನ ಕಣ್ಣನ್ನು ನಾನೇ ಪರೀಕ್ಷೆ ಮಾಡಿದೆ. ಸೂಜಿಗೆ ದಾರ ಹಾಕಿ ನೋಡಿದೆ, ಹೋಯಿತು. ಜೀರಿಗೆಯಲ್ಲಿ ಕಲ್ಲು ಆರಿಸಿ ನೋಡಿದೆ, ಸಿಕ್ಕವು. ಆದರೂ, ಎಂಟರಲ್ಲಿ ಎಂಟೂ ಕೆಟ್ಟಿರಬೇಕಾದರೆ ನನ್ನದೇ ತಪ್ಪಿರಬೇಕು ಎಂದುಕೊಂಡೆ. ಆರು ದಿನದ ಕೆಲಸ ಕಣ್ಣೆದುರು ಇದ್ದರೂ, ಬಾಗಿಲ ಹಿಂದಿನಿಂದ ಕೇಳಿದ ಒಂದು ಮಾತು ನನಗೆ ಹೆಚ್ಚಾಯಿತು.

ಶನಿವಾರ ಬೆಳಗ್ಗೆ ಮನೆ ಮುಂದೆ ಮೂರು ಕಾಲಿನ ಕಬ್ಬಿಣದ ಕಂಬ ನಿಲ್ಲಿಸಿ ಚೈನ್ ಪುಲ್ಲಿ ಕಟ್ಟಿದರು. ನಾನು ನೋಡಲಾರದೆ ಒಳಗೆ ಕೂತಿದ್ದೆ. ಸಮಾಧಾನ ಮಾಡಲೆಂದೋ ಏನೋ, ನಿಮ್ಮಮ್ಮ ಫೋನು ಹಿಡಿದು ಪಕ್ಕಕ್ಕೆ ಬಂದಳು. "ಅತ್ತಿ, ಪೂಜಿ ಫೋಟೋ ನೀವು ನೋಡೇ ಇಲ್ಲಲ್ಲ. ನಂದಿಗುಡಿಗೆ ಕಳಿಸಿದ್ನಿ, ಎಲ್ಲಾರೂ ಬಾಳ ಚಂದ ಐತಿ ಅಂದ್ರು."

ನೋಡಿದೆ. ಚಂದವೇ ಇತ್ತು. ಹಿತ್ತಾಳೆ ತಟ್ಟೆಯ ನಡುವೆ ನಾಲ್ಕು ಸಣ್ಣ ವಾಲ್ವು, ಅವುಗಳ ಸುತ್ತ ನಾಲ್ಕು ದೊಡ್ಡವು, ಎಲ್ಲದರ ತಲೆಯೂ ಹೊರಕ್ಕೆ, ಕಮಲದ ಹೂವು ಅರಳಿದ ಹಾಗೆ. ಒಂದೊಂದು ತಲೆಗೂ ಮೂರು ಬೆರಳಿನ ವಿಭೂತಿ, ನಡುವೆ ಕುಂಕುಮ. ಫಳಫಳ ಹೊಳೆಯುತ್ತಿದ್ದವು.

"ರಟ್ಟು ಎಲ್ಲಿ?" ಎಂದೆ.

"ಯಾವ ರಟ್ಟು ಅತ್ತಿ?"

"ಇವನ್ನ ಸಿಕ್ಕಿಸಿಟ್ಟಿದ್ದು."

"ಅಯ್ಯ, ಅದು ಜಿಡ್ಡು ಹಿಡಿದು ಗಬ್ಬು ನಾರ್ತಿತ್ತು. ನೀರಿನ ಒಲಿಗೆ ಹಾಕಿದ್ನಿ. ವಾಲ್ವೆಲ್ಲ ಪಾತ್ರೆ ಪುಡಿ ಹಾಕಿ ತಿಕ್ಕಿ ತೊಳದೀನಿ, ನೋಡ್ರಿ ಹೆಂಗ ಬೆಳಗ್ತಾವೆ."

ನಿಮ್ಮಮ್ಮನ ತಪ್ಪು ಎಂದು ತಿಳಿಯಬೇಡಿ. ಹಬ್ಬದ ದಿನ ಜಿಡ್ಡು ರಟ್ಟನ್ನು ದೇವರ ಮುಂದೆ ಯಾರು ಇಡುತ್ತಾರೆ? ಅವಳಿಗೆ ಹೇಳಿಕೊಟ್ಟವರಾರು? ಅಲ್ಲಿ ನಿಂತು, ಇದನ್ನು ಮುಟ್ಟಬೇಡ ಎಂದು ಹೇಳಬೇಕಾಗಿದ್ದವಳು ಒಳಗೆ ಹೋಳಿಗೆ ತಟ್ಟುತ್ತಿದ್ದಳು. ಆದರೆ ತಟ್ಟೆಯಿಂದ ಕೈಗೆ ಬಂದ ಹಾಗೆ ಎತ್ತಿಕೊಂಡು, ಯಾವುದನ್ನೋ ಯಾವುದಕ್ಕೋ ಹಾಕಿದವನಿಗೆ ಗೊತ್ತಿರಬೇಕಿತ್ತು. ಅವನು ಮೆಕ್ಯಾನಿಕ್ಕು. ಕೇಳುವ ವ್ಯವಧಾನವೂ ಅವನಿಗಿರಲಿಲ್ಲ. ಯಾಕೆಂದರೆ ಅವನ ಮನಸ್ಸಿನಲ್ಲಿ ಆ ಇಂಜಿನ್ನು ಆಗಲೇ ಗುಜರಿಗೆ ಹೋಗಿತ್ತು.

ಫೋನನ್ನು ಅವಳ ಕೈಯಿಂದ ತೆಗೆದುಕೊಂಡು ಹೊರಗೆ ನಡೆದೆ. ಸೆರಗು ಸರಿ ಮಾಡಿಕೊಂಡೆನೋ ಇಲ್ಲವೋ ನೆನಪಿಲ್ಲ. ಸರಪಳಿಯ ಕೊಕ್ಕೆ ಇಂಜಿನ್ನಿಗೆ ಸಿಕ್ಕಿಸಿ ಆಗಿತ್ತು. ನಿಮ್ಮಪ್ಪ, ಸಾಹೇಬರು, ಪುಲ್ಲಿ ತಂದ ಇಬ್ಬರು ಗಂಡಸರು.

"ಬಿಡ್ರಿ ಅದನ್ನ" ಎಂದೆ. ದನಿ ನನ್ನದೇ ಎನ್ನಿಸಲಿಲ್ಲ.

"ಅವ್ವಾ, ಕೊಕ್ಕಿ ಬಿದ್ದೀತು, ನೀ ಒಳಗ ನಡಿ" ಎಂದ ನಿಮ್ಮಪ್ಪ.

"ಒಳಗ ಹೋಗಿದ್ದಕ್ಕೇ ಇಷ್ಟೆಲ್ಲ ಆಗಿದ್ದು. ಇಲ್ಲಿ ನೋಡು. ಇದರಾಗ ಒಂದನೇದು ಯಾವುದು, ಮೂರನೇದು ಯಾವುದು, ತೋರ್ಸು."

ಅವನು ನೋಡಿದ. ಮುಖ ಇಳಿಯಿತು. ಸಾಹೇಬರು ಫೋನು ಇಸಕೊಂಡು, ಕನ್ನಡಕ ಹಣೆಗೇರಿಸಿ ನೋಡಿ, ಜೋರಾಗಿ ನಕ್ಕುಬಿಟ್ಟರು.

"ಯಾ ಅಲ್ಲಾ! ವಾಲ್ವಿಗೆ ವಿಭೂತಿ ಬಳದು ಕಲಸಿಬಿಟ್ಟೀರಲ್ಲೋ! ಭಾಭಿ, ಮೂವತ್ತು ವರ್ಷ ಈ ಮನಿ ಚಾ ಕುಡದೀನಿ, ನಿಮ್ಮ ಆವಾಜು ಇವತ್ತೇ ಕೇಳಿದ್ದು ನೋಡ್ರಿ. ಆದ್ರ ನಿಮಗಿದು ಹೆಂಗ ಗೊತ್ತಾತು?"

"ಉಜ್ಜಿದವಳು ನಾನು" ಎಂದೆ. "ಇವತ್ತಲ್ಲ. ಮೊದಲಿಂದ. ನೀವು ಬೋರು ಮಾಡಿಕೊಟ್ಟ ಇಂಜಿನ್ನೆಲ್ಲಕ್ಕೂ."

ಅವರ ನಗು ನಿಂತಿತು. ನಿಮ್ಮಪ್ಪನ ಕಡೆ ನೋಡಿದರು. ಅವನು ನೆಲ ನೋಡುತ್ತಿದ್ದ, ಇಲ್ಲ ಎನ್ನಲಿಲ್ಲ. ಸಾಹೇಬರು ತಾವೇ ಹೋಗಿ ಸರಪಳಿಯ ಕೊಕ್ಕೆ ಬಿಚ್ಚಿದರು.

"ಹೆಡ್ಡು ಬಿಚ್ಚು" ಎಂದೆ ಮಗನಿಗೆ.

"ಆತವ್ವ. ಹಿತ್ತಲಿಗೆ ತಂದಿಡ್ತೀನಿ."

"ಬ್ಯಾಡ. ಇಲ್ಲೇ, ಜಗಲಿ ಮ್ಯಾಲೆ."

"ರೋಡಿನಾಗ? ಜನ ಏನಂತಾರೆ ಅವ್ವ?"

"ಅಂದವರನ್ನ ನನ್ನ ಕಡಿ ಕಳಿಸು."

ಐದು ದಿನ ಜಗಲಿಯ ಮೇಲೆ, ರಸ್ತೆಗೆ ಮುಖ ಮಾಡಿ ಕೂತು ಉಜ್ಜಿದೆ. ಮೊದಲ ದಿನ ತಲೆ ಎತ್ತಲಿಲ್ಲ. ಸ್ಕೂಟಿಗಳು ನಿಧಾನ ಆಗುವುದು, ಮತ್ತೆ ಓಡುವುದು ಕಿವಿಗೆ ಗೊತ್ತಾಗುತ್ತಿತ್ತು. ಎದುರು ಮನೆಯಾಕೆ ಬಾಗಿಲಲ್ಲೇ ನಿಂತು ಕೂಗಿದಳು, "ಏನಕ್ಕ, ಕಬ್ಬಿಣದಾಗ ಬೆಣ್ಣಿ ತೆಗಿತೀರೇನು?" "ಬಂದ್ರೆ ನಿಮಗೂ ಕೊಡ್ತೀನಿ, ರೊಟ್ಟಿ ಬಡ್ಕಂಡು ಬರ್ರಿ" ಎಂದೆ. ಅವಳು ನಕ್ಕಳು. ನಾನು ನಗಲಿಲ್ಲ, ನನಗೆ ನಗುವ ಮನಸ್ಸಿರಲಿಲ್ಲ. ಅಂಗೈ ಸಿಪ್ಪೆ ಸುಲಿದಿತ್ತು. ಆ ಐದು ದಿನವೂ ಒಂದೇ ಯೋಚನೆ. ಆಗಲೇ ಮುಗಿಸಿದ್ದ ಕೆಲಸವನ್ನು, ಸರಿಯಾಗಿ ಮಾಡಿದ್ದ ಕೆಲಸವನ್ನು, ಮತ್ತೆ ಮಾಡುತ್ತಿದ್ದೇನೆ. ಈ ಸಲ ಮುಗಿದ ವಾಲ್ವುಗಳ ಕಡ್ಡಿಗೆ ಸಣ್ಣ ಚಿಂದಿ ಕಟ್ಟಿ, ಅದರ ಮೇಲೆ ಪೆನ್ನಿನಿಂದ ಅಂಕಿ ಬರೆದೆ. ನಿಮ್ಮಮ್ಮ ಚಿಂದಿ ಹರಿದು ಕೊಟ್ಟಳು. ಪಕ್ಕದಲ್ಲೇ ಕೂತಿದ್ದಳು.

ಗುರುವಾರ ಸಾಹೇಬರು ಮತ್ತೆ ಬಂದರು. ಹೆಡ್ಡನ್ನು ಮಗುಚಿ ಹಾಕಿದರೆ ಬಟ್ಟಲಿನಂಥ ನಾಲ್ಕು ಕುಳಿಗಳು ಕಾಣುತ್ತವೆ, ಒಂದೊಂದರಲ್ಲೂ ಎರಡೆರಡು ವಾಲ್ವು. ಆ ಕುಳಿಗಳಿಗೆ ಸೀಮೆಎಣ್ಣೆ ತುಂಬಿ ಬಿಡುತ್ತಾರೆ. ವಾಲ್ವು ಸರಿಯಾಗಿ ಕೂತಿದ್ದರೆ ಎಣ್ಣೆ ನಿಲ್ಲುತ್ತದೆ, ಇಲ್ಲದಿದ್ದರೆ ಇಳಿಯುತ್ತದೆ. ಮುಖದಾಕ್ಷಿಣ್ಯವಿಲ್ಲದ ಪರೀಕ್ಷೆ. ತುಂಬಿ, ಎಲ್ಲರೂ ಕಾದು ನಿಂತೆವು. ಚಹಾ ಕುಡಿದು ಮುಗಿಯಿತು. ಮೂರು ಕುಳಿ ತುಂಬಿದ ಹಾಗೇ ಇದ್ದವು. ಫ್ಯಾನಿನ ಕಡೆಯಿಂದ ಮೂರನೆಯ ಕುಳಿಯಲ್ಲಿ ಮಾತ್ರ ಎಣ್ಣೆ ಒಂದು ಬೆರಳು ಇಳಿದಿತ್ತು.

ನಿಮ್ಮಪ್ಪ ನನ್ನ ಕಣ್ಣಿನ ಕಡೆ ನೋಡಿದ. ಆ ನೋಟವನ್ನು ನಾನು ಸಾಯುವವರೆಗೂ ಮರೆಯುವುದಿಲ್ಲ.

"ಸಣ್ಣದು ಸೋರ್ತಾ ಐತೆ, ದೊಡ್ಡದಲ್ಲ" ಎಂದೆ. "ಬಿಚ್ಚಿ ಕೊಡ್ರಿ."

ಸಾಹೇಬರು ಬಿಚ್ಚಿದರು. ಅಂಚನ್ನು ಉಗುರಿನಿಂದ ಮುಟ್ಟಿ ನೋಡಿದೆ. ಜೋಳದ ಕಾಳಿನಷ್ಟು ಜಾಗದಲ್ಲಿ ಬಳೆ ತೆಳುವಾಗಿತ್ತು, ಸೀಟು ಅಲ್ಲಿ ಹೆಚ್ಚು ತಿಂದುಹೋಗಿತ್ತು. ಬಿಸಿಲು ಜಗಲಿಯಿಂದ ಇಳಿಯುವವರೆಗೆ ಆ ಒಂದನ್ನೇ ಉಜ್ಜಿದೆ. ಸಾಹೇಬರು ಹರಿಹರದ ಬಸ್ಸು ಬಿಟ್ಟು ಕೂತರು. ಮತ್ತೆ ಎಣ್ಣೆ ತುಂಬಿದೆವು. ನಿಂತಿತು.

ಮರುದಿನ ಮಧ್ಯಾಹ್ನಕ್ಕೆ ಹೆಡ್ಡು ಕೂರಿಸಿ, ವಾಲ್ವಿನ ಮೇಲಿನ ಸಂದಿ ಹೊಂದಿಸಲು ಟ್ಯಾಪೆಟ್ಟು ಹಿಡಿದು, ನಿಮ್ಮಪ್ಪ ಸೆಲ್ಫ್ ಹೊಡೆದ. ಮೂರನೆಯ ಸಲಕ್ಕೆ ಹೊತ್ತಿಕೊಂಡಿತು. ಮೊದಲು ತಡವರಿಸಿತು, ಆಮೇಲೆ ಸಮನಾಯಿತು. ಸಾಹೇಬರು ಸೈಲೆನ್ಸರಿನ ಹಿಂದೆ ಅಂಗೈ ಹಿಡಿದು, ಹೊಗೆ ಒಂದೇ ಸಮ ತಾಗುವುದನ್ನು ನೋಡಿ ತಲೆ ತೂಗಿದರು. ಎದುರು ಮನೆಯಾಕೆ, ನಿಮ್ಮಮ್ಮ, ಪಕ್ಕದ ಮನೆಯ ಆಟೋದವನು, ಎಲ್ಲರೂ ಸುತ್ತ ನಿಂತಿದ್ದರು.

ನಿಮ್ಮಪ್ಪ ಇಳಿದು ಬಂದು ನನ್ನ ಪಕ್ಕ ನಿಂತ. ಮುಖ ಬಾನೆಟ್ಟಿನ ಕಡೆ ಇಟ್ಟುಕೊಂಡೇ ಏನೋ ಅಂದ. ತುಟಿ ಅಲ್ಲಾಡಿದ್ದು ಕಂಡಿತು.

"ಏನಂದಿ?"

"ತಪ್ಪಾತು ಅಂದೆ. ನಿಂದು ಸರಿ ಇತ್ತು."

ಇಂಜಿನ್ನಿನ ಸದ್ದಿನಲ್ಲಿ ಅದು ನನಗೇ ಅರ್ಧ ಕೇಳಿಸಿತು, ಇನ್ನು ಬೇರೆಯವರಿಗೆ ಎಲ್ಲಿಂದ ಕೇಳಿಸಬೇಕು. ಅದು ಅವನಿಗೂ ಗೊತ್ತಿತ್ತು.

"ಬಂದ್ ಮಾಡು" ಎಂದೆ.

"ಏನು?"

"ಇಂಜಿನ್ ಬಂದ್ ಮಾಡಿ ಹೇಳು."

"ಅವ್ವಾ, ಈಗಿನ್ನೂ ಹೊತ್ತಿಕಂಡೈತೆ. ಬಂದ್ ಮಾಡಿ ಮತ್ತೆ ಹೊತ್ತಿಕಳ್ಳಲಿಲ್ಲ ಅಂದ್ರೆ?"

"ಹೊತ್ತಿಕಳ್ತೈತೆ. ಹೋಗು."

ಹೋಗಿ ಕೀ ತಿರುಗಿಸಿದ. ರಸ್ತೆಗೆ ರಸ್ತೆಯೇ ನಿಶ್ಶಬ್ದವಾದಂತಾಯಿತು. ಸಾಹೇಬರು ಯಾಕೆ ನಿಲ್ಲಿಸಿದಿರಿ ಎಂದು ಬಾಯಿ ತೆರೆದವರು ನನ್ನ ಮುಖ ನೋಡಿ ಮುಚ್ಚಿಕೊಂಡರು. ನಿಮ್ಮಪ್ಪ ಗಾಡಿಯ ಬಾಗಿಲು ಹಿಡಿದುಕೊಂಡೇ, ಈ ಸಲ ಎಲ್ಲರ ಕಡೆ ನೋಡಿ ಹೇಳಿದ. "ಅವ್ವ ಉಜ್ಜಿದ್ದು ಮೊದಲೇ ಸರಿ ಇತ್ತು. ಅವಳ ಕಣ್ಣಿಗೆ ಏನೂ ಆಗಿಲ್ಲ. ವಾಲ್ವು ಅದಲು ಬದಲು ಹಾಕಿದ್ದು ನಾನು. ಅಪ್ಪನ ಕಾಲದಾಗೂ ಅವಳೇ ಉಜ್ಜತಿದ್ಲು."

ಅಷ್ಟು ಜನ ನನ್ನನ್ನೇ ನೋಡುತ್ತಿದ್ದರು. ಆದರೂ ಒಳಗೆ ಹೋಗಲಿಲ್ಲ.

"ಹೂಂ" ಎಂದೆ. "ಈಗ ಚಾಲೂ ಮಾಡು."